ಸಾಕೆಟ್ ಸೆಟ್ಟಿನ ಕೇಸ್ ಸೀಳಿದೆ, ಟೂಲ್ಸ್ ಎಲ್ಲ ಡ್ರಾಯರಿಗೆ ಹೇಗೆ ಜೋಡಿಸೋದು? (ತುಕ್ಕಿನ ಕಾಟವೂ ಉಂಟು)

ಶೆಡ್ಡಿನ ಮೂಲೆ, ಉಡುಪಿ:

ನಮಸ್ಕಾರ. ಕಾರು ಶೆಡ್ಡಿನಲ್ಲಿರುವ ಟೂಲ್ಸಿಗೆ ಒಂದು ನೆಲೆ ಕಾಣಿಸಬೇಕು. ಎರಡೂ ಸಾಕೆಟ್ ಸೆಟ್ಟಿನ ಪ್ಲಾಸ್ಟಿಕ್ ಕೇಸು ಮಡಚುವ ಜಾಗದಲ್ಲೇ ಸೀಳಿ ಹೋಗಿದೆ. ಮುಚ್ಚಿ ಎತ್ತಿದರೆ ಅರ್ಧ ಸಾಕೆಟ್ ಒಳಗೇ ಉದುರುತ್ತವೆ.

ಇರುವುದು ಇಷ್ಟು. ಕಾಲು ಇಂಚು ಡ್ರೈವಿನ, ಅಂದರೆ ಹಿಡಿ ಕೂರುವ ಚೌಕ ತೂತು ಕಾಲು ಇಂಚಿನ, 46 ಪೀಸ್ ಸೆಟ್ (4ರಿಂದ 14 ಮಿಮೀವರೆಗೆ 13 ಸಾಕೆಟ್, ಉಳಿದದ್ದು ಸ್ಕ್ರೂ ಬಿಟ್‌ಗಳು, ಅಲೆನ್ ಕೀ, ಸಣ್ಣ ರ‍್ಯಾಚೆಟ್). ಅರ್ಧ ಇಂಚಿನ 24 ಪೀಸ್ ಸೆಟ್: 10ರಿಂದ 32ರವರೆಗೆ 18 ಸಾಕೆಟ್, ರ‍್ಯಾಚೆಟ್, ಟಿ-ಬಾರ್, ಎಲ್-ಹ್ಯಾಂಡಲ್, ಎರಡು ಎಕ್ಸ್‌ಟೆನ್ಷನ್, ಯೂನಿವರ್ಸಲ್ ಜಾಯಿಂಟ್. 6ರಿಂದ 22ರವರೆಗಿನ 12 ಕಾಂಬಿನೇಷನ್ ಸ್ಪ್ಯಾನರ್. ಸ್ಕ್ರೂಡ್ರೈವರ್ 8, ಇಕ್ಕಳ 4, ಅರ 3, ಸುತ್ತಿಗೆ 2, ಹ್ಯಾಕ್ಸಾ, ಒಂದು ಕ್ಲಿಕ್ ಟಾರ್ಕ್ ರೆಂಚ್ (ಗೊತ್ತುಮಾಡಿದ ಬಿಗಿತಕ್ಕೆ ಬಂದಾಗ ಟಕ್ ಅನ್ನುವಂಥದ್ದು).

ಇಡುವುದಕ್ಕೆ ಕಬ್ಬಿಣದ ಐದು ಟ್ರೇ ಪೆಟ್ಟಿಗೆ (ಎರಡೂ ಬದಿಗೆ ಬಿಚ್ಚಿಕೊಳ್ಳುವಂಥದ್ದು) ಮತ್ತು ಮೂರು ಡ್ರಾಯರಿನ ಟ್ರಾಲಿ. ಡ್ರಾಯರ್ ಒಳ ಅಳತೆ 520 × 370 ಮಿಮೀ. ಎತ್ತರ ಮೇಲಿನ ಎರಡರದ್ದು 55, ಕೆಳಗಿನದು 140.

ವಾಹನ: ಮಾರುತಿ ಕಾರು, ಹೋಂಡಾ ಸ್ಕೂಟರ್. ಅಣ್ಣನ ಪೋಲೋ ಕೂಡ ಆಗಾಗ ಬರ್ತದೆ.

ಕೇಳಬೇಕಾದ್ದು ಎರಡು. ಸಾಕೆಟ್ ರೈಲಾ, ಫೋಮಾ, ಮ್ಯಾಗ್ನೆಟ್ ಪಟ್ಟಿಯಾ? ಮತ್ತೆ, ಎಣ್ಣೆ ಹಚ್ಚಿಟ್ಟರೂ ಮಳೆಗಾಲದಲ್ಲಿ ಒಂದೇ ತಿಂಗಳಿಗೆ ಸಾಕೆಟ್ ಮೇಲೆ ಕೆಂಪು ಚುಕ್ಕೆ ಬರ್ತದೆ, ಕೆಳಗಿನ ಡ್ರಾಯರಿನಲ್ಲಿ ಜಾಸ್ತಿ. ಇದಕ್ಕೆ ಏನು ಮಾಡುವುದು?

ಹತ್ತರ ಸಾಕೆಟ್, ಬೆಂಗಳೂರು:

ರೈಲು, ಫೋಮು ಆಮೇಲೆ ನೋಡೋಣ. ಮೊದಲು ಎಲ್ಲವನ್ನೂ ಹಳೇ ಬೆಡ್‌ಶೀಟ್ ಮೇಲೆ ಸುರಿದು ಕೆಲಸದ ಪ್ರಕಾರ ಎರಡು ಗುಂಪು ಮಾಡಿ. ವಾಹನದ ಟೂಲ್ಸ್ ಟ್ರಾಲಿಗೆ. ಮನೆಯೊಳಗೆ ಹೊತ್ತುಕೊಂಡು ಹೋಗುವ ಟೆಸ್ಟರ್, ಇನ್ಸುಲೇಷನ್ ಟೇಪು, ಟೆಫ್ಲಾನ್ ಟೇಪು, ಪೈಪ್ ರೆಂಚು, ಒಂದು ಜೊತೆ ಸ್ಕ್ರೂಡ್ರೈವರ್ ಐದು ಟ್ರೇ ಪೆಟ್ಟಿಗೆಗೆ. ಆ ಪೆಟ್ಟಿಗೆಗೆ ಸಾಕೆಟ್ ತುಂಬಬೇಡಿ. ಮೇಲಿನ ಟ್ರೇಗಳಲ್ಲಿ ಭಾರ ಕೂತರೆ ಪಟ್ಟಿಗಳ ರಿವೆಟ್ ಸಡಿಲ ಆಗುತ್ತೆ. ಒಂದೇ ಬದಿ ಬಿಚ್ಚಿದರಂತೂ ಪೆಟ್ಟಿಗೆ ಮಗುಚಿಕೊಳ್ಳುತ್ತೆ.

ಈಗ ಸಾಕೆಟ್. ನಿಮ್ಮ 31 ಸಾಕೆಟ್‌ಗಳಲ್ಲಿ ದಿನಾ ಕೈಗೆ ಬರೋದು ಆರೇ: 8, 10, 12, 14, 17, 19. ಮಾರುತಿ, ಹೋಂಡಾ ಎರಡೂ ಜಪಾನಿನ ಜೆಐಎಸ್ (ಅಲ್ಲಿನ ಕೈಗಾರಿಕಾ ಮಾನದಂಡ) ಅಳತೆಯವು. ಅಲ್ಲಿ ಎಂ6, ಅಂದರೆ 6 ಮಿಮೀ ದಪ್ಪದ ಬೋಲ್ಟಿನ ತಲೆ 10, ಎಂ8ಕ್ಕೆ 12, ಎಂ10ಕ್ಕೆ 14, ಎಂ12ಕ್ಕೆ 17. ಪೋಲೋ ಯುರೋಪಿನದು, ಎಂ8ಕ್ಕೆ 13, ಎಂ10ಕ್ಕೆ 16, ಎಂ12ಕ್ಕೆ 18 ಬರುತ್ತೆ. ಚಕ್ರದ ಮಟ್ಟಿಗೆ ಮಾರುತಿಗೆ 19ರ ನಟ್, ಪೋಲೋಗೆ 17ರ ಬೋಲ್ಟ್. ಹಾಗಾಗಿ ಸಾಕೆಟ್ಟನ್ನು ಏರಿಕೆ ಕ್ರಮದಲ್ಲೇ ಇಡಿ, ಆದರೆ ಜಪಾನ್ ಆರಕ್ಕೆ ಒಂದು ಬಣ್ಣದ ಚುಕ್ಕೆ, 13-16-18ಕ್ಕೆ ಇನ್ನೊಂದು ಬಣ್ಣ ಕೊಡಿ. ಬೋಲ್ಟ್ ನೋಡಿದ ಕಣ್ಣು ನೇರ ಚುಕ್ಕೆಗೆ ಹೋಗುತ್ತೆ.

ಜಾಗದ ಲೆಕ್ಕ ಹೇಳ್ತೀನಿ. ಅರ್ಧ ಇಂಚಿನಲ್ಲಿ 10ರಿಂದ 16ರವರೆಗೆ ಹೊರ ವ್ಯಾಸ ಹೆಚ್ಚುಕಮ್ಮಿ ಒಂದೇ, 22 ಮಿಮೀ ಹತ್ತಿರ. ಚೌಕ ತೂತು ಹಿಡಿಸಬೇಕಲ್ಲ, ಅದಕ್ಕೆ. ಆಮೇಲೆ ಏರುತ್ತಾ ಹೋಗಿ 19ಕ್ಕೆ 26-27, 24ಕ್ಕೆ 33, 32ಕ್ಕೆ 43 ಆಗುತ್ತೆ. ಹದಿನೆಂಟೂ ಕೂಡಿಸಿದರೆ ಸುಮಾರು 510 ಮಿಮೀ. ನಡುವೆ 8 ಮಿಮೀ ಬಿಟ್ಟರೆ 650 ಹತ್ತಿರ. ನಿಮ್ಮ ಡ್ರಾಯರ್ ಅಗಲ 520, ಅಂದರೆ ಒಂದೇ ಸಾಲಿಗೆ ಹಿಡಿಸಲ್ಲ. 10ರಿಂದ 19 ಒಂದು ಸಾಲು (305 ಮಿಮೀ), 20ರಿಂದ 32 ಹಿಂದಿನ ಸಾಲು (340 ಮಿಮೀ). ಎರಡು ಸಾಲಿಗೆ ಆಳ 110 ಮಿಮೀ ಸಾಕು. ಅವುಗಳ ಮುಂದೆ ರ‍್ಯಾಚೆಟ್, ಟಿ-ಬಾರ್, ಉದ್ದ ಎಕ್ಸ್‌ಟೆನ್ಷನ್ ಅಡ್ಡಡ್ಡ ಮಲಗಿಸಿ. ಕಾಲು ಇಂಚಿನ ಹದಿಮೂರೂ ಸೇರಿ 255 ಮಿಮೀ ಮೀರಲ್ಲ, ಅವು ಹಿಂದಿನ ತುದಿಗೆ. ಎರಡೂ ಸೆಟ್ ಮೊದಲನೇ ಡ್ರಾಯರ್ ಒಂದರಲ್ಲೇ ಕೂರುತ್ತವೆ.

ಎಡವೋದು ಎತ್ತರದಲ್ಲಿ. 55 ಅನ್ನೋದು ಡ್ರಾಯರಿನ ಪಕ್ಕದ ತಗಡಿನ ಎತ್ತರ. ಮೇಲಿನ ಚೌಕಟ್ಟಿನ ಪಟ್ಟಿ ಒಳಗೆ ಮಡಚಿಕೊಂಡಿರುತ್ತೆ, ಹಾಗಾಗಿ ನಿಜವಾಗಿ ಸಿಗೋದು ಇನ್ನೂ ಕಡಿಮೆ. ಡ್ರಾಯರಿನೊಳಗೆ ಹಿಟ್ಟಿನ ಉಂಡೆಯನ್ನು ನಿಲ್ಲಿಸಿ ಮುಚ್ಚಿ ತೆಗೆಯಿರಿ, ಅದು ಎಷ್ಟಕ್ಕೆ ಜಜ್ಜಿದೆಯೋ ಅಷ್ಟೇ ನಿಮ್ಮ ಎತ್ತರ. 10ರ ಸಾಕೆಟ್ 38 ಮಿಮೀ ಎತ್ತರ, ತೊಂದರೆ ಇಲ್ಲ. 30, 32 ಮಾತ್ರ 45 ದಾಟುತ್ತವೆ, ಕೆಳಗೆ 5 ಮಿಮೀ ಫೋಮ್ ಸೇರಿದರೆ ತಾಗಬಹುದು. ತಾಗಿದರೆ ಡ್ರಾಯರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ, ಎಳೆಯೋಕೂ ಆಗಲ್ಲ, ತಳ್ಳೋಕೂ ಆಗಲ್ಲ. ಆ ಎರಡನ್ನು ಕೆಳಗಿನ ಡ್ರಾಯರಿಗೆ ಕಳಿಸಿ. ವರ್ಷಕ್ಕೊಮ್ಮೆ ಬೇಕಾಗೋವು.

ನನ್ನ ಓಟು ಫೋಮಿಗೆ. ಪ್ಲಾಸ್ಟಿಕ್ ರೈಲಿನ ಕ್ಲಿಪ್ ಹೊಸದರಲ್ಲಿ ಎಷ್ಟು ಬಿಗಿ ಅಂದರೆ ಸಾಕೆಟ್ ತೆಗೆಯೋಕೆ ಎರಡೂ ಕೈ ಬೇಕು, ಹಳೇದಾದರೆ ತಾನೇ ಜಾರುತ್ತೆ. ಮ್ಯಾಗ್ನೆಟ್ ಪಟ್ಟಿ ಹಿಡಿತದಲ್ಲಿ ಪರವಾಗಿಲ್ಲ, ಆದರೆ ಸಾಕೆಟ್ ಕೂಡ ಸ್ವಲ್ಪ ಕಾಂತ ಆಗಿ ಅರ ತಿಕ್ಕಿದ ಪುಡಿಯೆಲ್ಲ ಒಳಗೆ ಅಂಟಿಕೊಳ್ಳುತ್ತೆ. ಫೋಮಿನ ಲಾಭವೇ ಬೇರೆ. ತಳಕ್ಕೆ 5 ಮಿಮೀ ಹಳದಿ ಇವಿಎ ಫೋಮ್ ಹಾಳೆ, ಮೇಲೆ 20 ಮಿಮೀ ಕಪ್ಪು ಹಾಳೆ. ಸಾಕೆಟ್ ಇಲ್ಲದ ಗುಳಿ ಹಳದಿಯಾಗಿ ಕಿರುಚುತ್ತೆ. ಬಾನೆಟ್ ಮುಚ್ಚೋ ಮುಂಚೆ ಹಳದಿ ಎಷ್ಟು ಕಾಣುತ್ತೆ ಅಂತ ನೋಡಿದರೆ ಸಾಕು, ಹತ್ತರ ಸಾಕೆಟ್ ಬ್ಯಾಟರಿ ಟ್ರೇಯಲ್ಲಿ ಉಳಿಯಲ್ಲ.

ಪಾನಾ ಪೆಟಗಿ, ಹುಬ್ಬಳ್ಳಿ:

ಮ್ಯಾಲಿನವರು ಲೆಕ್ಕ ಛಲೋ ಹೇಳ್ಯಾರ. ಆದ್ರ ಫೋಮ್‌ನಾಗ ದುಂಡನ ತೂತು ಹೆಂಗ ಹೊಡೀಬೇಕು ಅಂತ ಹೇಳಿಲ್ಲ. ಬ್ಲೇಡಿಲೆ ದುಂಡಗ ಕೊಯ್ಯಾಕ ಹೋದ್ರ ಅಂಚು ಇಲಿ ಕಡದಂಗ ಆಗತೈತಿ.

ಜಿಐ ಪೈಪಿನ ತುಂಡು ತಗೋರಿ. ಅರ್ಧ ಇಂಚಿನ ಪೈಪಿನ ಹೊರ ವ್ಯಾಸ 21.3 ಮಿಮೀ, ಮುಕ್ಕಾಲು ಇಂಚಿಂದು 26.9, ಒಂದು ಇಂಚಿಂದು 33.7. ಪೈಪಿನ ಬಾಯಿ ಒಳಗಿನ ಕಡೆಯಿಂದ ಅರ್ಧ ದುಂಡನ ಅರದಿಲೆ ತಿಕ್ಕಿ ಚೂಪು ಮಾಡ್ರಿ. ಹೊರಗಿನ ಕಡೆಯಿಂದ ತಿಕ್ಕಿದ್ರ ತೂತು ಒಳ ವ್ಯಾಸದಷ್ಟ ಬೀಳತೈತಿ, ಅರ್ಧ ಇಂಚಿನ ಪೈಪಿಗೆ ಬರೇ 16 ಮಿಮೀ, ಉಪಯೋಗಿಲ್ಲ. ಒಳಗಿಂದ ತಿಕ್ಕಿದ್ರ 21 ಬೀಳತೈತಿ, 22ರ ಸಾಕೆಟ್ಟಿಗೆ ಒಂದು ಮಿಮೀ ಬಿಗಿ, ಹೇಳಿ ಮಾಡಿಸಿದಂಗ. ಮುಕ್ಕಾಲು ಇಂಚಿಂದು 19 ಮತ್ತು 20ರ ಸಾಕೆಟ್ಟಿಗೆ, ಒಂದು ಇಂಚಿಂದು 24ರದಕ್ಕ ನಡೀತೈತಿ. 17, 18ಕ್ಕ ಅರ್ಧ ಇಂಚಿನ ತೂತು ಹೊಡದು ಬ್ಲೇಡಿಲೆ ಸುತ್ತ ಒಂದೊಂದು ಮಿಮೀ ಬಿಡಿಸ್ರಿ.

ಫೋಮಿನ ಕೆಳಗ ಕಟಗಿ ಹಲಗಿ ಇಟಗೊಂಡು ಪೈಪ್ ಒತ್ತಿ ತಿರುವ್ರಿ. ಸುತ್ತಿಗಿಲೆ ಹೊಡೀಬ್ಯಾಡ್ರಿ, ಫೋಮ್ ಮೊದಲ ಕುಗ್ಗಿ ಆಮ್ಯಾಲ ಕೊಯ್ಯೋದಕ್ಕ ತೂತು ಕೆಳಗ ಸಣ್ಣದು ಮ್ಯಾಲ ದೊಡ್ಡದು ಆಗತೈತಿ. ಉದ್ದನ ಸಾಮಾನಿಗೆ 18 ಮಿಮೀ ಮುರಿಯೋ ಬ್ಲೇಡಿನ ಕಟರ್ ಸಾಕು, ಪ್ರತಿ ಡ್ರಾಯರಿಗೆ ಎರಡು ಸಲ ಹೊಸ ತುದಿ ಮುರೀರಿ. ರ‍್ಯಾಚೆಟ್ಟಿನ ಗುಳಿ ಕೊಯ್ಯೋವಾಗ ಹಿಡಿಕಿ ನಡುವ ಎರಡು ಬೆರಳು ಹೋಗೋವಷ್ಟು ಜಾಗಾ ಬಿಡೂದು ಮರೀಬ್ಯಾಡ್ರಿ. ಬಿಡದಿದ್ರ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಗತೈತಿ. ಎರಡೂ ಹಾಳಿ ಅಂಟಸಾಕ ರಬ್ಬರ್ ಅಂಟು, ಫೆವಿಕಾಲ್ ಎಸ್‌ಆರ್ 998 ಅಂಥಾದ್ದು. ಎರಡೂ ಕಡೆ ತೆಳ್ಳಗ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮ್ಯಾಲ ಕೂಡಿಸ್ರಿ. ಥರ್ಮಾಕೋಲ್ ಇಟ್ಟು ಅಂಟಸಾಕ ಹೋದ್ರ ಮಾತ್ರ ಆ ಅಂಟು ಅದನ್ನ ತಿಂದು ಬಿಡತೈತಿ.

ಕಾಲು ಇಂಚಿನ ಸಾಕೆಟ್ಟಿಗೆ 20 ಮಿಮೀ ಫೋಮ್ ತಪ್ಪು. ಸಾಕೆಟ್ ಎತ್ತರನ 25. ಬರೇ 5 ಮಿಮೀ ಮ್ಯಾಲ ಉಳದ್ರ ಗ್ರೀಸ್ ಕೈಯಾಗ ಹೆಂಗ ಹಿಡೀತೀರಿ? ಅಲ್ಲಿ 10 ಮಿಮೀ ಹಾಳಿ ಸಾಕು.

ಇನ್ನ ಸಾಕೆಟ್ ಯಾವ ಮಕಾ ಮ್ಯಾಲ ಮಾಡಿ ಇಡಬೇಕು ಅನ್ನೂದು. ಚೌಕ ತೂತು ಮ್ಯಾಲ ಇರಲಿ. ರ‍್ಯಾಚೆಟ್ ತಂದು ಮ್ಯಾಲಿಂದ ಒತ್ತಿದ್ರ ಟಕ್ ಅಂತ ಕೂತು ಸಾಕೆಟ್ ಜೋಡಿ ಮ್ಯಾಲ ಬರತೈತಿ, ಇನ್ನೊಂದು ಕೈ ಬೇಕಾಗಿಲ್ಲ. ಧೂಳೂ ಒಳಗ ಕಡಿಮಿ ಬೀಳತೈತಿ.

ಹತ್ತರ ಸಾಕೆಟ್, ಬೆಂಗಳೂರು:

ಪೈಪ್ ಪಂಚ್ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ಆದರೆ ಚೌಕ ಮೇಲೆ ಇಟ್ಟರೆ 12 ಯಾವುದು 13 ಯಾವುದು? ಎರಡರದ್ದೂ ಹೊರ ವ್ಯಾಸ ಒಂದೇ ಅಂತ ಆಗಲೇ ಹೇಳಿದೆ. ನಂಬರ್ ಕೆತ್ತಿರೋದು ಪಕ್ಕದಲ್ಲಿ, ಅದು ಫೋಮಿನೊಳಗೆ. ವಾಪಸ್ ಇಡುವಾಗ ಅದಲುಬದಲಾದರೆ ಫೋಮ್ ಮೇಲೆ ಬರೆದ ನಂಬರೂ ಸುಳ್ಳಾಗುತ್ತೆ. ಆರು ಮೂಲೆಯ ಬಾಯಿ ಮೇಲಿದ್ದರೆ ಬೋಲ್ಟ್ ತಲೆಗೆ ಕಣ್ಣಳತೆಯಲ್ಲೇ ಹೋಲಿಸಬಹುದು.

ಪಾನಾ ಪೆಟಗಿ, ಹುಬ್ಬಳ್ಳಿ:

ಅದಕ್ಕ ಔಷಧ ಐತ್ರಿ. ಕೆತ್ತಿದ ನಂಬರಿನ ಮ್ಯಾಲ ಬಿಳಿ ಎನಾಮೆಲ್ ಪೇಂಟ್ ಒಂದು ಹನಿ ತಿಕ್ಕಿ, ಅರ್ಧ ನಿಮಿಷ ಬಿಟ್ಟು ರಟ್ಟಿನ ಅಂಚಿಲೆ ಎಳದು ಒರಸ್ರಿ. ತಗ್ಗಿನಾಗ ಉಳದ ಪೇಂಟ್ ಮಾತ್ರ ನಿಲ್ಲತೈತಿ, ನಂಬರ್ ಎದ್ದು ಕಾಣತೈತಿ. ಮೊದಲ ಥಿನ್ನರ್ ಹಾಕಿ ಎಣ್ಣಿ ತಗೀಬೇಕು, ಇಲ್ಲಾಂದ್ರ ವಾರದಾಗ ಉದುರತೈತಿ. ಮ್ಯಾಲ, ಚೌಕ ತೂತಿನ ಅಂಚಿನ ಮ್ಯಾಲೂ ಪೇಂಟ್ ಪೆನ್ನಿಲೆ ನಂಬರ್ ಬರೀರಿ.

ಬಾಯಿ ಮ್ಯಾಲನ ಬೇಕು ಅನ್ನೋರು ಫೋಮ್ ಬಿಟ್ಟು ಕಟಗಿ ಗೂಟ ಮಾಡ್ಕೋರಿ. 12 ಮಿಮೀ ಪ್ಲೈವುಡ್ಡಿನಾಗ ತೂತು ಹೊಡದು ದುಂಡನ ಕಟಗಿ ಕಡ್ಡಿ ಫೆವಿಕಾಲ್ ಹಾಕಿ ನಿಲ್ಲಸೂದು. ಅರ್ಧ ಇಂಚಿನ ಚೌಕ 12.7 ಮಿಮೀ, ಅದಕ್ಕ 12ರ ಕಡ್ಡಿ. 3/8 ಇಂಚಿಗೆ 9ರದ್ದು, ಕಾಲು ಇಂಚಿಗೆ 6ರದ್ದು. ಆದ್ರ ಟ್ರಾಲಿ ದೂಡಿದಾಗ ಗಡಗಡ ಸಪ್ಪಳ ತಪ್ಪಂಗಿಲ್ಲ, ಮತ್ತ ಹಲಗಿ 12 ಮಿಮೀ ಎತ್ತರ ತಿಂತೈತಿ. ಇವರ 55ರ ಡ್ರಾಯರಿಗೆ ಅದು ಕಷ್ಟ.

ಪಾನಾ (ಸ್ಪ್ಯಾನರ್) ಬಗ್ಗೆ ಯಾರೂ ಹೇಳಿಲ್ಲ. 12 ಪಾನಾ ಮಲಗಿಸಿದ್ರ ಒಂದು ಡ್ರಾಯರ್ ಪೂರ್ತಿ ಹೋಗತೈತಿ. ಮಗ್ಗಲಾ ನಿಲ್ಲಿಸಿದ್ರ 15 ಮಿಮೀಗೊಂದರಂಗ 180 ಮಿಮೀನಾಗ ಹನ್ನೆರಡೂ ಕೂಡತಾವ. 22ರ ಪಾನಾದ ತಲಿ ಮಾತ್ರ 46-48 ಅಗಲ ಇರತೈತಿ, ನಿಲ್ಲಿಸಿದ್ರ ಮ್ಯಾಲ ತಾಗತೈತಿ. ಅದೊಂದನ್ನ ಮಲಗಿಸ್ರಿ.

ಶೆಡ್ಡಿನ ಮೂಲೆ, ಉಡುಪಿ:

ತುಂಬಾ ಉಪಕಾರ ಆಯ್ತು. ಮಕ್ಕಳು ಆಡುವ, ಒಂದಕ್ಕೊಂದು ಜೋಡಿಸುವ ಇವಿಎ ಮ್ಯಾಟ್ ಮನೆಯಲ್ಲಿ ಉಂಟು, 12 ಮಿಮೀ ದಪ್ಪ. ಅದು ಆಗ್ತದಾ? ತುಕ್ಕಿನ ಬಗ್ಗೆ ಯಾರಾದರೂ ಹೇಳ್ತೀರಾ?

ಕಡಲ ಗಾಳಿ, ಮಂಗಳೂರು:

ಮ್ಯಾಟ್ ಧಾರಾಳ ಆಗ್ತದೆ. ನೀರು ಹೀರದ ಮುಚ್ಚಿದ ಕಣದ ಫೋಮ್ ಅದು. ಹಾಸಿಗೆಯ ಸ್ಪಂಜು, ಗೋಣಿ, ಕಾರ್ಪೆಟ್ ತುಂಡು, ಪೇಪರ್ ಮಾತ್ರ ತಳಕ್ಕೆ ಹಾಕಬೇಡಿ. ನಮ್ಮ ಮಳೆಗಾಲದಲ್ಲಿ ಅವು ತೇವ ಹೀರಿ ಸಾಕೆಟ್ಟಿಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ.

ಎಣ್ಣೆ ಹಚ್ಚಿಯೂ ಒಂದೇ ತಿಂಗಳಲ್ಲಿ, ಅದೂ ಕ್ರೋಮಿನ ಮೇಲೆ ಚುಕ್ಕೆ ಬರುವುದು ಬರೀ ಹವೆಯಿಂದ ಅಲ್ಲ ಅನ್ನಿಸ್ತದೆ. ಕೆಳಗಿನ ಡ್ರಾಯರಿನಲ್ಲಿ ಜಾಸ್ತಿ ಅಂತೀರಿ. ಟ್ರಾಲಿ ಪಕ್ಕ ನೆಲದಲ್ಲಿ ಏನೇನು ಇಟ್ಟಿದ್ದೀರಿ ಹೇಳಿ ನೋಡುವ.

ಶೆಡ್ಡಿನ ಮೂಲೆ, ಉಡುಪಿ:

ಇನ್ವರ್ಟರ್ ಬ್ಯಾಟರಿ, ನೀರು ಹಾಕುವ ತರದ್ದು. ಅದರ ಹತ್ತಿರ ಫಿನಾಯಿಲ್, ಬ್ಲೀಚಿಂಗ್ ಪೌಡರ್, ಬಾತ್‌ರೂಮ್ ತೊಳೆಯುವ ಆಸಿಡ್ ಬಾಟಲಿ. ಎಲ್ಲದರ ಮುಚ್ಚಳ ಬಿಗಿ ಉಂಟು.

ಕಡಲ ಗಾಳಿ, ಮಂಗಳೂರು:

ಸಿಕ್ಕಿತಲ್ಲ ಮಾರಾಯ್ರೆ! ಬಾತ್‌ರೂಮ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಮುಚ್ಚಳ ಎಷ್ಟು ತಿರುಗಿಸಿದರೂ ಅದರ ಆವಿ ಸ್ವಲ್ಪ ಸ್ವಲ್ಪ ಹೊರಗೆ ಬರ್ತಾ ಇರ್ತದೆ. ಗಾಳಿಯ ತೇವದ ಜೊತೆ ಸೇರಿ ಕ್ರೋಮಿನ ಸಣ್ಣ ಬಿರುಕುಗಳಲ್ಲಿ ಇಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕೂಡ ಅದೇ ಜಾತಿ. ಇನ್ನೊಂದು ಮಾತು: ಆಸಿಡ್ಡೂ ಬ್ಲೀಚಿಂಗ್ ಪೌಡರೂ ಅಕ್ಕಪಕ್ಕ ಇಡಲೇಬಾರದು, ಚೆಲ್ಲಿ ಸೇರಿದರೆ ವಿಷದ ಗಾಳಿ ಏಳ್ತದೆ. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗ ಗುಳ್ಳೆ ಎದ್ದು ಗಂಧಕಾಮ್ಲದ ಹನಿಮಂಜು ಹೊರಗೆ ಬರ್ತದೆ. ಮೂರೂ ನೆಲಮಟ್ಟದಲ್ಲಿ, ನಿಮ್ಮ ಕೆಳಗಿನ ಡ್ರಾಯರಿನ ಪಕ್ಕದಲ್ಲೇ. ಆಸಿಡ್ ಮತ್ತು ಪೌಡರ್ ಇವತ್ತೇ ಶೆಡ್ಡಿನಿಂದ ಹೊರಗೆ, ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಸಿಗದ ಹಾಗೆ. ಬ್ಯಾಟರಿ ಸಾಗಿಸಲು ಆಗದಿದ್ದರೆ ಟ್ರಾಲಿಯನ್ನು ಎದುರು ಗೋಡೆಗೆ ತಳ್ಳಿ, ಬ್ಯಾಟರಿ ಇರುವ ಕಡೆ ಕಿಟಕಿ ತೆರೆದಿರಲಿ.

ಈಗಾಗಲೇ ಬಂದ ತುಕ್ಕಿಗೆ: ಚುಕ್ಕೆ ಮಾತ್ರ ಇದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ತಿಕ್ಕಿ, ಕ್ರೋಮಿಗೆ ಗೀರು ಬೀಳುವುದಿಲ್ಲ. ಒಳಗಿನ ಮೂಲೆಗಳಲ್ಲಿ ಹಿಡಿದಿದ್ದರೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಲೀಟರ್ ನೀರಿಗೆ 50 ಗ್ರಾಂ. ಎರಡು ಮೂರು ಗಂಟೆ ನೆನೆಸಿ, ಬ್ರಶ್ ಹಾಕಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಇಟ್ಟು, ಬಿಸಿ ಇರುವಾಗಲೇ ಎಣ್ಣೆ. ರಾತ್ರಿಯಿಡೀ ಬಿಡಬೇಡಿ, ಗಟ್ಟಿ ಮಾಡಿದ ಉಕ್ಕಿಗೆ ಆಸಿಡ್ಡಿನಲ್ಲಿ ಹೆಚ್ಚು ಹೊತ್ತು ಒಳ್ಳೆಯದಲ್ಲ. ರ‍್ಯಾಚೆಟ್, ಯೂನಿವರ್ಸಲ್ ಜಾಯಿಂಟ್, ಟಾರ್ಕ್ ರೆಂಚ್ ಮುಳುಗಿಸಲೇಬೇಡಿ, ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಕ್ರೋಮ್ ಸಿಪ್ಪೆ ಎದ್ದ ಸಾಕೆಟ್ಟನ್ನು ಗುಜರಿಗೆ ಹಾಕಿ, ಆ ಸಿಪ್ಪೆ ಬ್ಲೇಡಿನ ಹಾಗೆ ಬೆರಳು ಕೊಯ್ಯುತ್ತದೆ.

ಹೊಲಿಗೆ ಮಿಷನ್ ಎಣ್ಣೆ ಸಾಕು. ಹಚ್ಚಿ ಒರೆಸಬೇಕು, ತೊಟ್ಟಿಕ್ಕುವಷ್ಟು ಬಿಟ್ಟರೆ ಧೂಳು ಹಿಡೀತದೆ. ಡಬ್ಲ್ಯುಡಿ-40 ತುಕ್ಕು ಬಿಡಿಸಲು ಸರಿ, ಮಳೆಗಾಲ ಪೂರ್ತಿ ಕಾಯಲು ಅದರ ಪದರ ತೆಳು. ತೆಂಗಿನೆಣ್ಣೆ ಕೈಗೆ ಸಿಗ್ತದೆ ಅಂತ ಹಚ್ಚಬೇಡಿ, ಕಮಟು ವಾಸನೆ ಮತ್ತು ಇರುವೆ.

ಸಿಲಿಕಾ ಜೆಲ್ ಪೊಟ್ಟಣ ಡ್ರಾಯರಿಗೆ ಹಾಕುವುದು ದುಡ್ಡು ದಂಡ. ಡ್ರಾಯರ್ ಗಾಳಿಬಿಗಿ ಅಲ್ಲ, ಜೂನಿನಲ್ಲಿ ಕೆಲವೇ ದಿನಕ್ಕೆ ತುಂಬಿಕೊಳ್ತದೆ. ಅಪರೂಪಕ್ಕೆ ಬೇಕಾಗುವ ಸಾಕೆಟ್‌ಗಳನ್ನು ರಬ್ಬರ್ ಅಂಚಿನ, ನಾಲ್ಕು ಬದಿ ಲಾಕ್ ಆಗುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅದರಲ್ಲಿ ಜೆಲ್ ಇಡಿ. ಅಲ್ಲಿ ಕೆಲಸ ಮಾಡ್ತದೆ. ಐದು ಟ್ರೇ ಪೆಟ್ಟಿಗೆಯನ್ನು ಸಿಮೆಂಟ್ ನೆಲದ ಮೇಲೆ ನೇರ ಇಡಬೇಡಿ, ಕೆಳಗೆ ಎರಡು ರೀಪರ್ ಪಟ್ಟಿ ಕೊಡಿ.

ಹತ್ತರ ಸಾಕೆಟ್, ಬೆಂಗಳೂರು:

ಆಸಿಡ್ ಬಾಟಲಿ ಹಿಡಿದದ್ದು ಸೂಪರ್. ಉಳಿದದ್ದು ಚಿಕ್ಕಪುಟ್ಟದು.

ಟಾರ್ಕ್ ರೆಂಚನ್ನು ಅದರ ಕೇಸಲ್ಲೇ ಬಿಡಿ, ಡ್ರಾಯರಿನಲ್ಲಿ ಬೇರೆ ಟೂಲಿನ ಜೊತೆ ಹೊರಳಬಾರದು. ಕೇಸ್ 520ಕ್ಕಿಂತ ಉದ್ದ ಇದ್ದರೆ ಕೆಳಗಿನ ಡ್ರಾಯರಿನಲ್ಲಿ ಮೂಲೆಯಿಂದ ಮೂಲೆಗೆ ಇಡಬಹುದು, ಅಲ್ಲಿ 630 ಸಿಗುತ್ತೆ. ಒಳಗಿಡುವ ಮುಂಚೆ ಸ್ಕೇಲಿನ ಅತಿ ಕಡಿಮೆ ಅಂಕಿಗೆ ಇಳಿಸಿ, ಅದಕ್ಕಿಂತ ಕೆಳಗೆ ಬಿಚ್ಚಬೇಡಿ.

ಅರಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದರ ಹಲ್ಲು ಇನ್ನೊಂದು ತಿನ್ನುತ್ತೆ. ಹಳೇ ಸೈಕಲ್ ಟ್ಯೂಬಿನ ತುಂಡು ತೊಡಿಸಿ ಅಂತ ಕೆಲವರು ಹೇಳ್ತಾರೆ, ಆದರೆ ರಬ್ಬರಿನೊಳಗೆ ತೇವ ಕೂರುತ್ತೆ, ನಿಮ್ಮೂರಿಗೆ ಬೇಡ. ಫೋಮಿನಲ್ಲಿ ಮೂರು ಗೀಟು ಕೊಯ್ದು ನಿಲ್ಲಿಸಿ.

ಸ್ಕ್ರೂಡ್ರೈವರ್ ಹಿಡಿಗೆ ಬಣ್ಣ ಕೊಡುವಾಗ ನಕ್ಷತ್ರದ ತುದಿಯವನ್ನು ಎರಡು ಮಾಡಿ. ಹೋಂಡಾ ಸ್ಕೂಟರಿನ ಸ್ಕ್ರೂ ತಲೆಯಲ್ಲಿ ಒಂದು ಸಣ್ಣ ಚುಕ್ಕೆ ಕಂಡರೆ ಅದು ಜೆಐಎಸ್ ತಲೆ. ಸಾಮಾನ್ಯ ಫಿಲಿಪ್ಸ್ ತುದಿ ಅಲ್ಲಿ ತಳ ಮುಟ್ಟದೆ ಜಾರಿ ತಲೆ ಸವೆಸುತ್ತೆ. ಜೆಐಎಸ್ ತುದಿ ಒಂದಿದ್ದರೆ ಅದಕ್ಕೆ ಕೆಂಪು ಟೇಪು.

ಪಾನಾ ಪೆಟಗಿ, ಹುಬ್ಬಳ್ಳಿ:

ಒಂದು ಮಾತು ಬಿಟ್ಟಿತ್ರಿ. ಕಾರಿನ ಡಿಕ್ಕಿಯೊಳಗ ಇಡಾಕ ಈ ಡ್ರಾಯರಿನಿಂದ ಏನೂ ತಗೀಬ್ಯಾಡ್ರಿ. ತಗದದ್ದು ವಾಪಸ್ ಬರೂದಿಲ್ಲ. 10, 12, 14 ಪಾನಾ ಬ್ಯಾರೆ ತಗೊಂಡು, 19ರ ಸಾಕೆಟ್ ಒಂದು, ಉದ್ದನ ಹಿಡಿಕಿ ಒಂದು, ದರ್ಜಿ ಕಡೆ ಕ್ಯಾನ್ವಾಸ್ ರೋಲ್ ಹೊಲಿಸಿ ಸ್ಟೆಪ್ನಿ ಬಾಜೂಕ ಇಡ್ರಿ. ಪೋಲೋದಾಗ 17.

ಶೆಡ್ಡಿನ ಮೂಲೆ, ಉಡುಪಿ:

ಆಸಿಡ್ ಬಾಟಲಿ, ಬ್ಲೀಚಿಂಗ್ ಪೌಡರ್ ಎರಡೂ ಹೊರಗೆ ಹೋದವು. ಹಿಟ್ಟಿನ ಉಂಡೆ ಇಟ್ಟು ನೋಡಿದೆ, ಸಿಕ್ಕಿದ್ದು 49. 32ರ ಸಾಕೆಟ್ ಅಳೆದರೆ 46, ಫೋಮ್ ಸೇರಿ 51. ಹಾಗಾದರೆ 30 ಮತ್ತು 32 ಕೆಳಗೆ ಮಲಗಿಸುವುದೇ. ಬಾಕಿ ಹದಿನಾರಕ್ಕೆ ಮೊದಲು ಅರ್ಧ ಇಂಚಿನ ಪೈಪಿನ ತುಂಡು ತಿಕ್ಕಲು ಶುರು ಮಾಡಿದ್ದೇನೆ, ಒಳಗಿನ ಕಡೆಯಿಂದ.